ದೊಡ್ಡ ಕರುಳಿನ ಕ್ಯಾನ್ಸರಿಗೆ ಸಣ್ಣ ಅಣುಗಳ ವಿನ್ಯಾಸ: ಕೆರಾಸ್ ಟಾರ್ಗೆಟ್, ಡಾಕಿಂಗ್ ಮುಗೀತು, ಮುಂದೇನು?

ಫಾರ್ಮಾ_ಹುಬ್ಬಳ್ಳಿ

ಎಲ್ಲಾರಿಗೂ ನಮಸ್ಕಾರ. ನಾನು ಎಂ.ಫಾರ್ಮ್ ಎರಡನೇ ವರ್ಷ, ಫಾರ್ಮಾಸ್ಯೂಟಿಕಲ್ ಕೆಮಿಸ್ಟ್ರಿ. ಪ್ರಾಜೆಕ್ಟಿಗೆ ಕೊಲೊರೆಕ್ಟಲ್ ಕ್ಯಾನ್ಸರ್ ತಗೊಂಡೇನಿ, ಟಾರ್ಗೆಟ್ ಕೆರಾಸ್ ಜಿ12ಸಿ, ಅಂದ್ರ ಜೀವಕೋಶಕ್ಕ ಬೆಳಿಯೂ ಸಂಕೇತ ಕೊಡೂ ಕೆರಾಸ್ ಪ್ರೋಟೀನಿನಾಗ 12ನೇ ಜಾಗಾದ ಗ್ಲೈಸಿನ್ ಹೋಗಿ ಸಿಸ್ಟೀನ್ ಬಂದ ಮ್ಯುಟೇಶನ್. ಕ್ವಿನಾಜೊಲಿನ್ ಅನ್ನೂ ಉಂಗುರದ ಮ್ಯಾಲೆ ಬ್ಯಾರೆ ಬ್ಯಾರೆ ಗುಂಪು ಕೂಡಿಸಿ ಒಂದು ಸೀರೀಸ್ ಬರದೇನಿ. ಪಿಡಿಬಿ ಅನ್ನೂ ಪ್ರೋಟೀನ್ ರಚನೆಗಳ ಸಂಗ್ರಹದಿಂದ 6ಒಐಎಂ ರಚನೆ ಇಳಿಸ್ಕೊಂಡು, ಅದರಾಗಿನ ಸೊಟೊರಾಸಿಬ್ (ಈಗಿರೂ ಜಿ12ಸಿ ಔಷಧ) ತಗದು, ಆಟೋಡಾಕ್ ವೈನಾ ಸಾಫ್ಟ್‌ವೇರಿನಾಗ ಡಾಕಿಂಗ್, ಅಂದ್ರ ಅಣು ಪ್ರೋಟೀನಿನಾಗ ಹೆಂಗ ಕೂರತೈತಿ ಅನ್ನೂ ಲೆಕ್ಕ, ಮಾಡೇನಿ. ಕೆಲವು ಕಂಪೌಂಡಿಗೆ ಸೊಟೊರಾಸಿಬ್‌ಕಿಂತ ಚಲೋ ಸ್ಕೋರ್ ಬಂದೈತಿ. ಬಾಯಿಲೆ ತಗೊಳ್ಳೂ ಔಷಧದ ತೂಕ 500ರೊಳಗ ಇರಬೇಕು ಅನ್ನೂವಂಥ ಲಿಪಿನ್‌ಸ್ಕಿ ರೂಲೂ ಪಾಸ್ ಆಗ್ಯಾವ.

ಇನ್ನ ಸಿಂಥೆಸಿಸ್ ಮಾಡಿ, ಎಚ್‌ಸಿಟಿ116 ಮತ್ತ ಎಚ್‌ಟಿ29 ಸೆಲ್ ಲೈನ್ ಮ್ಯಾಲೆ ಎಂಟಿಟಿ ಅಸ್ಸೆ (ಎಷ್ಟು ಜೀವಕೋಶ ಬದುಕ್ಯಾವ ಅಂತ ಅಳಿಯೂದು) ಮಾಡಬೇಕಂತ ಪ್ಲಾನ್ ಐತಿ. ಈ ದಾರಿ ಸರಿ ಐತೇನ್ರಿ? ಇನ್ನೊಂದು, ಸೊಟೊರಾಸಿಬ್ ಶ್ವಾಸಕೋಶದ ಕ್ಯಾನ್ಸರಿನಾಗ ಕೆಲಸ ಮಾಡಿದಷ್ಟು ಕರುಳಿನಾಗ ಮಾಡಂಗಿಲ್ಲ ಅಂತ ಓದೇನಿ. ಮ್ಯುಟೇಶನ್ ಅದೇ, ಔಷಧ ಅದೇ. ಹಂಗ್ಯಾಕ? ತಿಳದವರು ಬಿಡಿಸಿ ಹೇಳ್ರಿ.

ಬೆಂಚ್_ಕೆಮಿಸ್ಟ್ (ಬೆಂಗಳೂರು)

ಒಳ್ಳೆಯ ಪ್ರಶ್ನೆ. ಮೊದಲು ಸೆಲ್ ಲೈನ್ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ದುಡ್ಡು ಖರ್ಚಾಗುವುದು ಅಲ್ಲಿ. ಎಚ್‌ಸಿಟಿ116ರಲ್ಲಿ ಇರುವುದು ಕೆರಾಸ್ ಜಿ13ಡಿ. ಎಚ್‌ಟಿ29ರಲ್ಲಿ ಕೆರಾಸ್ ಮ್ಯುಟೇಶನ್ನೇ ಇಲ್ಲ, ಅದರಲ್ಲಿರುವುದು ಬಿರಾಫ್ ಅನ್ನುವ ಇನ್ನೊಂದು ಪ್ರೋಟೀನಿನ ವಿ600ಇ ಮ್ಯುಟೇಶನ್. ನಿಮ್ಮ ಅಣು ಹಿಡಿಯಬೇಕಾದ 12ನೇ ಜಾಗದ ಸಿಸ್ಟೀನ್ ಎರಡರಲ್ಲೂ ಇಲ್ಲ. ಅಲ್ಲಿ ಜೀವಕೋಶ ಸತ್ತರೆ ಅದು ಜಿ12ಸಿ ಕಾರಣದಿಂದ ಸತ್ತದ್ದಲ್ಲ. ಎಸ್‌ಡಬ್ಲ್ಯೂ480 ತಗೊಂಡರೂ ಅದು ಜಿ12ವಿ. ಕರುಳಿನ ಜಿ12ಸಿ ಬೇಕಾದರೆ ರೆಕ್ಟಮ್‌ನಿಂದ ಬಂದ ಎಸ್‌ಡಬ್ಲ್ಯೂ837 ಇದೆ.

ಈ ಸಿಸ್ಟೀನ್ ಯಾಕೆ ಅಷ್ಟು ಮುಖ್ಯ ಅನ್ನುವುದಕ್ಕೆ ಹಿನ್ನೆಲೆ ಗೊತ್ತಿರಬೇಕು. ಸಾಮಾನ್ಯವಾಗಿ ಕೈನೇಸ್ ಎಂಬ ಕಿಣ್ವಗಳನ್ನು ತಡೆಯುವ ಔಷಧ (ಇನ್ಹಿಬಿಟರ್) ಮಾಡುವವರು ಎಟಿಪಿ ಕೂರುವ ಜಾಗಕ್ಕೆ ಪೈಪೋಟಿ ಕೊಡುತ್ತಾರೆ. ಕೈನೇಸ್‌ಗಳು ಎಟಿಪಿಯನ್ನು ಹಿಡಿಯುವುದು ಮೈಕ್ರೋಮೋಲಾರ್ ಮಟ್ಟದಲ್ಲಿ, ಹಾಗಾಗಿ ಪೈಪೋಟಿ ಸಾಧ್ಯ. ಕೆರಾಸ್ ಸೇರಿದ ರಾಸ್ ಕುಟುಂಬದ ಪ್ರೋಟೀನ್, ತನ್ನನ್ನು ಸಕ್ರಿಯವಾಗಿಡುವ ಜಿಟಿಪಿಯನ್ನು ಪಿಕೋಮೋಲಾರ್ ಮಟ್ಟದಲ್ಲಿ, ಅಂದರೆ ಅದಕ್ಕಿಂತ ಎಷ್ಟೋ ಪಟ್ಟು ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಜೊತೆಗೆ ಜೀವಕೋಶದ ತುಂಬ ಜಿಟಿಪಿ ಇರುತ್ತದೆ. ಅದನ್ನು ಅಲ್ಲಿಂದ ಎಬ್ಬಿಸುವ ಅಣು ಮಾಡಲು ಯಾರಿಗೂ ಆಗಲಿಲ್ಲ. ಬೇರೆ ಕಡೆ ಅಣು ಕೂರಿಸೋಣ ಅಂದರೆ ಪ್ರೋಟೀನಿನ ಮೈಯಲ್ಲಿ ಕಣ್ಣಿಗೆ ಕಾಣುವ ಗುಂಡಿಯೇ ಇರಲಿಲ್ಲ.

2013ರಲ್ಲಿ ಅಮೆರಿಕದ ಯುಸಿಎಸ್‌ಎಫ್ ವಿಶ್ವವಿದ್ಯಾಲಯದ ಕೆವನ್ ಶೋಕಟ್ ಅವರ ತಂಡ ಡೈಸಲ್ಫೈಡ್ ಇರುವ ಸಣ್ಣ ತುಣುಕುಗಳ ಸಂಗ್ರಹವೊಂದನ್ನು ಜಿ12ಸಿ ಪ್ರೋಟೀನಿನ ಜೊತೆ ಬೆರೆಸಿ, ಯಾವುದು ಆ ಸಿಸ್ಟೀನಿಗೆ ಅಂಟಿಕೊಳ್ಳುತ್ತದೆ ಎಂದು ನೋಡಿತು. ಅಂಟಿದ ತುಣುಕಿನ ಜೊತೆ ಕ್ರಿಸ್ಟಲ್ ತೆಗೆದಾಗ ಸ್ವಿಚ್-2 ಅನ್ನುವ ಭಾಗದ ಕೆಳಗೆ ಅದುವರೆಗೆ ಯಾರೂ ನೋಡದ ಗುಂಡಿ ಸಿಕ್ಕಿತು. ಅಣು ಬಂದು ಕೂತಾಗ ಮಾತ್ರ ತೆರೆದುಕೊಳ್ಳುವ ಗುಂಡಿ ಅದು. ಮತ್ತೆ ಅದು ಸಿಗುವುದು ಪ್ರೋಟೀನ್ ಜಿಡಿಪಿ ಹಿಡಿದು ನಿಷ್ಕ್ರಿಯವಾಗಿರುವಾಗ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಶುರು.

ಅಲ್ಲಿಂದ ಎಆರ್‌ಎಸ್-853, ಎಆರ್‌ಎಸ್-1620 ಅನ್ನುವ ಪ್ರಯೋಗದ ಅಣುಗಳು ಬಂದವು, ಆಮೇಲೆ ಸೊಟೊರಾಸಿಬ್. ಎಆರ್‌ಎಸ್-1620 ಕೂಡ ಕ್ವಿನಾಜೊಲಿನ್ನೇ, ಅಂದರೆ ನಿಮ್ಮ ಆಯ್ಕೆಗೆ ಆಧಾರ ಇದೆ. ಇವೆಲ್ಲದರಲ್ಲೂ ಸಾಮಾನ್ಯವಾಗಿರುವುದು ಅಕ್ರಿಲಮೈಡ್ ಬಾಲ. ಸಿಸ್ಟೀನಿನ ಗಂಧಕಕ್ಕೆ ಶಾಶ್ವತವಾಗಿ ಬಂಧ ಹಾಕುವುದು ಅದು. ನಿಮ್ಮ ಸೀರೀಸಿನಲ್ಲಿ ಅದು ಇದೆಯೇ?

ಫಾರ್ಮಾ_ಹುಬ್ಬಳ್ಳಿ

ಐತ್ರಿ ಸರ್, ಅರ್ಧಕ್ಕ ಐತಿ, ಇನ್ನರ್ಧಕ್ಕ ಬರೇ ಅಸಿಟೈಲ್. ಆದರ ವೈನಾದಾಗ ಅಸಿಟೈಲ್ ಇದ್ದವಕ್ಕೂ ಹೆಚ್ಚುಕಡಿಮಿ ಅಷ್ಟೇ ಸ್ಕೋರ್ ಬಂದೈತಿ. ಸೆಲ್ ಲೈನ್ ನಾವು ಪುಣೆದ ಎನ್‌ಸಿಸಿಎಸ್‌ನಿಂದ ತರಸ್ತೀವಿ. ಎಸ್‌ಡಬ್ಲ್ಯೂ837 ಕೇಳಿ ನೋಡ್ತೇನಿ.

ಕ್ಯಾಲ್ಕ್ಯುಲೇಶನ್_ಕೇಶವ (ಬಾಸ್ಟನ್ ಹತ್ತಿರ)

ಸ್ಕೋರ್ ಅಷ್ಟೇ ಬಂದದ್ದಕ್ಕೆ ಕಾರಣ ಸರಳ. ವೈನಾ ರಾಸಾಯನಿಕ ಬಂಧ ಆಗುವುದನ್ನು ಲೆಕ್ಕ ಹಾಕುವುದೇ ಇಲ್ಲ. ಅದರ ಕಣ್ಣಿಗೆ ಅಕ್ರಿಲಮೈಡೂ ಅಸಿಟೈಲೂ ಒಂದೇ ಆಕಾರದ ಎರಡು ತುಂಡು. ಸೊಟೊರಾಸಿಬ್‌ನ ಬಲದ ದೊಡ್ಡ ಪಾಲು ಆ ಬಂಧದಲ್ಲಿದೆ, ಹಾಗಾಗಿ 'ಸೊಟೊರಾಸಿಬ್‌ಗಿಂತ ಒಳ್ಳೆಯ ಸ್ಕೋರ್' ಅನ್ನುವ ವಾಕ್ಯವನ್ನು ಥೀಸಿಸ್‌ನಲ್ಲಿ ಬರೆಯಬೇಡಿ. ಆಟೋಡಾಕ್‌ನಲ್ಲೇ ಸಿಸ್ಟೀನಿನ ಜೊತೆ ಅಣುವನ್ನು ಕೂಡಿಸಿ ಡಾಕ್ ಮಾಡುವ ಬೇರೆ ವಿಧಾನ ಇದೆ, ಉಚಿತವಾಗಿಯೇ ಸಿಗುತ್ತದೆ. ಅದನ್ನು ಬಳಸಿ. ಜೊತೆಗೆ ಅಣು ದೊಡ್ಡದಾದಷ್ಟೂ ವೈನಾ ಸ್ಕೋರ್ ಹೆಚ್ಚುತ್ತಾ ಹೋಗುತ್ತದೆ, ಅದನ್ನೂ ಗಮನದಲ್ಲಿಡಿ.

ಈಗ 6ಒಐಎಂ ಮತ್ತೆ ತೆರೆದು ನಿಧಾನವಾಗಿ ನೋಡಿ. ಹಿಸ್ಟಿಡಿನ್ 95, ಟೈರೊಸಿನ್ 96, ಗ್ಲುಟಮಿನ್ 99. ಈ ಮೂರರ ನಡುವೆ ಒಂದು ಕಿರಿದಾದ ಸಂದು ಇದೆ. ಎಆರ್‌ಎಸ್-1620 ಆ ಸಂದನ್ನು ಬಳಸಿಕೊಳ್ಳಲಿಲ್ಲ. ಸೊಟೊರಾಸಿಬ್‌ನಲ್ಲಿ ಐಸೊಪ್ರೊಪೈಲ್ ಮತ್ತು ಮೀಥೈಲ್ ಇರುವ ಪಿರಿಡಿನ್ ಉಂಗುರವನ್ನು ಅಲ್ಲಿಗೆ ತುರುಕಿದ್ದಾರೆ. ಬಲ ಹೆಚ್ಚಿದ್ದು ಅದರಿಂದ. ಆ ಉಂಗುರದ ಇಕ್ಕೆಲದಲ್ಲೂ ಗುಂಪುಗಳಿರುವುದರಿಂದ ಅದು ಸಲೀಸಾಗಿ ತಿರುಗುವುದಿಲ್ಲ, ತಿರುಚಿದ ಭಂಗಿಯಲ್ಲೇ ನಿಲ್ಲುತ್ತದೆ. ಅಂದರೆ ಒಂದೇ ಸೂತ್ರದ, ಎಡಗೈ-ಬಲಗೈಯಂತೆ ಕನ್ನಡಿಬಿಂಬವಾದ ಎರಡು ರೂಪಗಳು ಬೇರೆಬೇರೆಯಾಗಿ ಸಿಗುತ್ತವೆ, ಅವುಗಳಲ್ಲಿ ಒಂದೇ ಸರಿಯಾಗಿ ಕೂರುತ್ತದೆ. ನೀವು ಅಂಥ ಉಂಗುರ ಇಟ್ಟರೆ ಎರಡನ್ನೂ ಬೇರ್ಪಡಿಸುವ ಕೆಲಸವೂ ಬರುತ್ತದೆ, ಕಾಲೇಜು ಲ್ಯಾಬಿನಲ್ಲಿ ಅದು ಕಷ್ಟ.

ಲಿಪಿನ್‌ಸ್ಕಿ ಬಗ್ಗೆ ಚಿಂತೆ ಬೇಡ. ಸೊಟೊರಾಸಿಬ್‌ನ ತೂಕ 560, ಇನ್ನೊಂದು ಜಿ12ಸಿ ಔಷಧವಾದ ಅಡಾಗ್ರಾಸಿಬ್‌ನದು 604. ಎರಡೂ 500ರ ಗೆರೆ ದಾಟಿದವು, ಎರಡೂ ಮಾತ್ರೆಗಳೇ.

ಕಡಲತಡಿ_ಡಾಕ್ಟರ್ (ಮಂಗಳೂರು)

ಎರಡನೇ ಪ್ರಶ್ನೆಗೆ ನಾನು ಬರೆಯುತ್ತೇನೆ, ಇದು ದಿನಾ ಎದುರಾಗುವ ವಿಷಯ.

ಅಂಕಿ ಮೊದಲು. ಜಿ12ಸಿ ಇರುವ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಸೊಟೊರಾಸಿಬ್ ಒಂದೇ ಕೊಟ್ಟಾಗ ಸುಮಾರು 37% ಜನರಲ್ಲಿ ಗೆಡ್ಡೆ ಗಣನೀಯವಾಗಿ ಕುಗ್ಗಿತು. 2021ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು ಅದರ ಮೇಲೆ. ಅದೇ ಮಾತ್ರೆ, ಅದೇ ಡೋಸ್, ಕರುಳಿನ ಕ್ಯಾನ್ಸರಿನಲ್ಲಿ 10%ಗಿಂತ ಕಡಿಮೆ. ಇದು ಹೊಸ ಪಾಠವೂ ಅಲ್ಲ ಮಾರಾಯ್ರೆ. ಬಿರಾಫ್ ವಿ600ಇ ಇರುವ ಮೆಲನೋಮಾದಲ್ಲಿ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಬಿರಾಫ್ ತಡೆಯುವ ವೆಮುರಾಫೆನಿಬ್ ಅರ್ಧದಷ್ಟು ಜನರಿಗೆ ಹಿಡಿಯಿತು, ಕರುಳಿನಲ್ಲಿ 5% ಆಸುಪಾಸು. ಯಾಕೆ ಅಂತ 2012ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ರೆನೆ ಬರ್ನಾರ್ಡ್ಸ್ ಅವರ ತಂಡ ತೋರಿಸಿಕೊಟ್ಟಿತು. ಕಾರಣ ಇಜಿಎಫ್‌ಆರ್, ಬೆಳೆಯುವ ಸಂಕೇತವನ್ನು ಹೊರಗಿನಿಂದ ಪಡೆಯುವ ಗ್ರಾಹಕ ಪ್ರೋಟೀನ್.

ಕರುಳಿನ ಜೀವಕೋಶದ ಮೈಮೇಲೆ ಇಜಿಎಫ್‌ಆರ್ ಹೇರಳ. ಬಿರಾಫ್ ಅಥವಾ ಕೆರಾಸ್ ಜೋರಾಗಿ ಕೆಲಸ ಮಾಡುತ್ತಿರುವಾಗ ಅದೇ ಸಂಕೇತ ಸರಪಳಿಯ ಕೆಳಗಿನ ಇಆರ್‌ಕೆ ಪ್ರೋಟೀನಿನಿಂದ ಮೇಲಕ್ಕೆ 'ಸಾಕು' ಅನ್ನುವ ಸಂಕೇತ ಹೋಗಿ ಇಜಿಎಫ್‌ಆರ್ ತಣ್ಣಗಿರುತ್ತದೆ. ಔಷಧ ಕೊಟ್ಟು ಕೆಳಗಿನ ಹರಿವು ನಿಲ್ಲಿಸಿದಿರಿ ಅಂದುಕೊಳ್ಳಿ. ಆ ತಡೆಯೂ ನಿಂತಿತು, ಇಜಿಎಫ್‌ಆರ್ ಎದ್ದು ಕೂತಿತು. ಗದ್ದೆಯ ಒಂದು ಕಂಡಿ ಕಟ್ಟಿದರೆ ತೋಡಿನ ನೀರು ಮೇಲಿನ ಬದು ಹತ್ತಿ ಪಕ್ಕದಿಂದ ಬರುವುದಿಲ್ಲವಾ, ಹಾಗೆ. ಸಾಮಾನ್ಯ ರಾಸ್‌ಗಳೆಲ್ಲ ಜಿಟಿಪಿ ತುಂಬಿಕೊಳ್ಳುತ್ತವೆ, ಜಿ12ಸಿ ರಾಸ್ ಕೂಡ. ಸೊಟೊರಾಸಿಬ್ ಹಿಡಿಯುವುದು ಜಿಡಿಪಿ ರೂಪವನ್ನು ಮಾತ್ರ ಅಂತ ಬೆಂಚ್ ಕೆಮಿಸ್ಟ್ ಅವರು ಹೇಳಿದರಲ್ಲ? ಹಿಡಿಯಲು ಸಿಗುವ ರೂಪವೇ ಕಡಿಮೆಯಾಗುತ್ತದೆ. ಶ್ವಾಸಕೋಶದಲ್ಲಿ ಈ ಮರುಹರಿವು ಇಷ್ಟು ಜೋರಿಲ್ಲ.

ಹಾಗಾಗಿ ಇಜಿಎಫ್‌ಆರ್ ತಡೆಯುವ ಪ್ರತಿಕಾಯ ಔಷಧ ಸೇರಿಸಿದರು. ಸೊಟೊರಾಸಿಬ್ ಜೊತೆ ಪ್ಯಾನಿಟುಮುಮಾಬ್ ಕೊಟ್ಟ ಪರೀಕ್ಷೆಯಲ್ಲಿ ಪೂರ್ತಿ ಡೋಸಿನವರಲ್ಲಿ 26% ಸ್ಪಂದನೆ, ರೋಗ ಮುಂದುವರಿಯದೆ ನಿಂತ ಮಧ್ಯಮ ಅವಧಿ 5.6 ತಿಂಗಳು; ಹಳೆಯ ಚಿಕಿತ್ಸೆಯಲ್ಲಿ ಅದು 2.2. ಅಡಾಗ್ರಾಸಿಬ್ ಜೊತೆ ಸೆಟುಕ್ಸಿಮಾಬ್ ಕೊಟ್ಟಾಗ 34%. ಎಫ್‌ಡಿಎ ಎರಡನೆಯ ಜೋಡಿಗೆ 2024ರ ಜೂನ್‌ನಲ್ಲಿ, ಮೊದಲನೆಯದಕ್ಕೆ 2025ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಬಿರಾಫ್‌ಗೆ ಎನ್ಕೊರಾಫೆನಿಬ್-ಸೆಟುಕ್ಸಿಮಾಬ್ ಜೋಡಿ 2020ರಲ್ಲೇ ಬಂದಾಗಿತ್ತು.

ಇಷ್ಟೆಲ್ಲ ಬರೆದದ್ದು ಯಾಕೆಂದರೆ, ಅಣು ವಿನ್ಯಾಸ ಮಾಡುವ ಹುಡುಗ ಹುಡುಗಿಯರು ಪ್ರೋಟೀನಿನ ಗುಂಡಿಯೊಂದನ್ನೇ ನೋಡುತ್ತಾ ಕೂರುತ್ತಾರೆ. ಯಾವ ಅಂಗದ ಯಾವ ಜೀವಕೋಶದೊಳಗೆ ಆ ಪ್ರೋಟೀನ್ ಇದೆ, ಅದರ ಅಕ್ಕಪಕ್ಕ ಯಾರಿದ್ದಾರೆ ಎಂಬುದು ಮೊದಲ ದಿನವೇ ಕಾಗದದ ಮೇಲೆ ಇರಬೇಕು. ಒಂದೇ ಔಷಧದಿಂದ ಕೊಲ್ಲುವ ಆಸೆ ಕರುಳಿನಲ್ಲಿ ಪದೇ ಪದೇ ಸೋತಿದೆ.

ಮಲೆನಾಡ_ಮಗಳು

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನಾನು ವಿಜ್ಞಾನದವಳಲ್ಲ. ನಮ್ಮ ಅಪ್ಪನಿಗೆ ರೆಕ್ಟಮ್ ಕ್ಯಾನ್ಸರ್, ಲಿವರಿಗೂ ಹೋಗಿದೆ. ರಿಪೋರ್ಟಿನಲ್ಲಿ ಕೆರಾಸ್ ಎಕ್ಸಾನ್ 2, ಜಿ12ಡಿ ಪಾಸಿಟಿವ್ ಅಂತ ಬರೆದಿದ್ದಾರೆ. ನೀವೆಲ್ಲ ಹೇಳುತ್ತಿರುವ ಮಾತ್ರೆ ಅಪ್ಪನಿಗೆ ಆಗುತ್ತದಾ? ಈಗ ಕೇಪ್‌ಸೈಟಬಿನ್ ಅನ್ನುವ ಕೀಮೊ ಮಾತ್ರೆ ನಡೆಯುತ್ತಿದೆ, ಅಂಗಾಲು ಕೆಂಪಾಗಿ ಉರಿ ಅನ್ನುತ್ತಾರೆ. ಗ್ಯಾಸ್ ಆಗುತ್ತದೆ ಅಂತ ಬೆಳಗ್ಗೆ ಪ್ಯಾಂಟೊಪ್ರಜೋಲ್ ಕೂಡ ತಗೊಳ್ಳುತ್ತಾರೆ.

ಕಡಲತಡಿ_ಡಾಕ್ಟರ್ (ಮಂಗಳೂರು)

ಕ್ಷಮೆ ಯಾಕಮ್ಮಾ, ಕೇಳಿದ್ದು ಒಳ್ಳೆಯದಾಯಿತು.

ನೇರವಾಗಿ ಹೇಳುತ್ತೇನೆ. ಜಿ12ಸಿ ಅಂದರೆ 12ನೇ ಜಾಗದಲ್ಲಿ ಸಿಸ್ಟೀನ್, ಜಿ12ಡಿ ಅಂದರೆ ಅಸ್ಪಾರ್ಟಿಕ್ ಆಮ್ಲ. ಸೊಟೊರಾಸಿಬ್, ಅಡಾಗ್ರಾಸಿಬ್ ಎರಡೂ ಸಿಸ್ಟೀನ್ ಇದ್ದರೆ ಮಾತ್ರ. ಅಪ್ಪನಿಗೆ ಅವು ಆಗುವುದಿಲ್ಲ, ಯಾರಾದರೂ ತರಿಸಿಕೊಡುತ್ತೇನೆ ಅಂದರೂ ದುಡ್ಡು ಕೊಡಬೇಡಿ. ಕರುಳಿನ ಕ್ಯಾನ್ಸರಿನಲ್ಲಿ ಸುಮಾರು 40% ಜನರಿಗೆ ಕೆರಾಸ್ ಮ್ಯುಟೇಶನ್ ಉಂಟು, ಜಿ12ಸಿ ಇರುವುದು 3-4% ಜನರಿಗೆ ಅಷ್ಟೇ. ಅಪ್ಪನ ಜಿ12ಡಿ ಎಲ್ಲಕ್ಕಿಂತ ಸಾಮಾನ್ಯವಾದದ್ದು.

ನಿಮ್ಮ ಆಂಕಾಲಜಿಸ್ಟ್ ಹತ್ತಿರ ಕೇಳಬೇಕಾದದ್ದು: ಎಂಎಸ್‌ಐ ಅಥವಾ ಎಂಎಂಆರ್ ಪರೀಕ್ಷೆ (ಗೆಡ್ಡೆಯಲ್ಲಿ ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟಿದೆಯಾ ಅಂತ ನೋಡುವುದು) ಆಗಿದೆಯಾ, ಅದರ ಫಲಿತಾಂಶ ಏನು? ಅದು 'ಎಂಎಸ್‌ಐ ಹೈ' ಬಂದರೆ ಇಮ್ಯುನೊಥೆರಪಿಯ ದಾರಿ ಉಂಟು. ಜಿ12ಡಿಗೆ ಹೊಸ ಅಣುಗಳ ಪರೀಕ್ಷೆಗಳು ನಡೆಯುತ್ತಿವೆ, ಭಾರತದಲ್ಲಿ ಯಾವುದಾದರೂ ತೆರೆದಿದೆಯಾ ಅಂತ ಸಿಟಿಆರ್‌ಐ ಅನ್ನುವ ಭಾರತದ ಔಷಧ ಪರೀಕ್ಷೆಗಳ ನೋಂದಣಿಯಲ್ಲಿ ಯಾರು ಬೇಕಾದರೂ ಹುಡುಕಬಹುದು.

ಅಂಗಾಲಿನ ಉರಿ ಕೇಪ್‌ಸೈಟಬಿನ್‌ನ ಗೊತ್ತಿರುವ ತೊಂದರೆ. ಸಿಪ್ಪೆ ಏಳುವ ಅಥವಾ ನಡೆಯಲು ಆಗದ ಮಟ್ಟಕ್ಕೆ ಬಿಡಬೇಡಿ, ಈಗಲೇ ಫೋನ್ ಮಾಡಿ ಹೇಳಿ, ಡೋಸ್ ತಡೆಯುವುದೋ ಇಳಿಸುವುದೋ ಅವರು ತೀರ್ಮಾನಿಸುತ್ತಾರೆ. ಮಾತ್ರೆ ಊಟವಾದ ಅರ್ಧ ಗಂಟೆಯೊಳಗೆ ತಗೊಳ್ಳಲಿ. ಪ್ಯಾಂಟೊಪ್ರಜೋಲ್ ಮತ್ತು ಯಾವುದಾದರೂ ಫೋಲಿಕ್ ಆಸಿಡ್ ಇರುವ ಶಕ್ತಿಯ ಮಾತ್ರೆ ನುಂಗುತ್ತಿದ್ದರೆ ಅದನ್ನೂ ತಿಳಿಸಿ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.

ಮಲೆನಾಡ_ಮಗಳು

ಎಂಎಸ್‌ಐ ಅನ್ನುವುದು ನಮ್ಮ ಫೈಲಿನಲ್ಲಿ ಎಲ್ಲೂ ಕಾಣುತ್ತಿಲ್ಲ ಸರ್. ನಾಳೆಯೇ ಕೇಳುತ್ತೇನೆ. ತುಂಬಾ ಉಪಕಾರವಾಯಿತು.

ಬೆಂಚ್_ಕೆಮಿಸ್ಟ್ (ಬೆಂಗಳೂರು)

ಜಿ12ಡಿ ಬಗ್ಗೆ ಒಂದು ಮಾತು, ಅಲ್ಲಿ ಕೆಮಿಸ್ಟ್ರಿ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಗೊತ್ತಾಗಲಿ. ಅಸ್ಪಾರ್ಟಿಕ್ ಆಮ್ಲಕ್ಕೆ ಅಕ್ರಿಲಮೈಡ್ ಬಂಧ ಹಾಕುವುದಿಲ್ಲ. ಮಿರಾಟಿ ಕಂಪನಿಯವರು ಎಂಆರ್‌ಟಿಎಕ್ಸ್1133 ಮಾಡಿದಾಗ ಬಂಧದ ಆಸೆ ಬಿಟ್ಟು, ಧನಾತ್ಮಕ ಚಾರ್ಜ್ ಹೊರುವ ಸೇತುವೆಯಾಕಾರದ ಡೈಅಮೀನ್ ಇಟ್ಟು ಆ ಆಮ್ಲವನ್ನು ಹಿಡಿದರು. ಪಿಡಿಬಿಯ 7ಆರ್‌ಪಿಝಡ್ ಸ್ಟ್ರಕ್ಚರ್‌ನಲ್ಲಿ ಅದನ್ನು ಕಣ್ಣಾರೆ ನೋಡಬಹುದು. ಹಿಡಿತ ಪಿಕೋಮೋಲಾರ್ ಮಟ್ಟಕ್ಕೆ ಹೋಯಿತು. ನನ್ನ ಪ್ರಕಾರ ಈ ದಶಕದ ಅತ್ಯಂತ ಚೆಂದದ ಔಷಧ ವಿನ್ಯಾಸಗಳಲ್ಲಿ ಅದೂ ಒಂದು. ಆದರೆ ಅದೇ ಚಾರ್ಜ್ ಇರುವ ಅಮೀನ್ ಕರುಳಿನ ಗೋಡೆ ದಾಟಲು ಅಡ್ಡಿ. ಬಾಯಿಯ ಮೂಲಕ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಮನುಷ್ಯರಲ್ಲಿ ರಕ್ತದ ಮಟ್ಟ ಒಬ್ಬರಿಂದ ಒಬ್ಬರಿಗೆ ಏರುಪೇರಾಗಿ ಆ ಪರೀಕ್ಷೆ ನಿಂತಿತು.

ಈಗ ಭರವಸೆ ಇರುವುದು ಬೇರೆ ದಾರಿಯಲ್ಲಿ. ಡಾರಾಕ್ಸನ್‌ರಾಸಿಬ್ ಅನ್ನುವ ಅಣು ಮೊದಲು ಜೀವಕೋಶದ ಸೈಕ್ಲೋಫಿಲಿನ್-ಎ ಅನ್ನು ಹಿಡಿದುಕೊಂಡು, ಆ ಜೋಡಿಯಾಗಿ ಜಿಟಿಪಿ ತುಂಬಿದ ರಾಸ್ ಮೇಲೆ ಹೋಗಿ ಕೂರುತ್ತದೆ. ಸಕ್ರಿಯ ರೂಪವನ್ನೇ ಹಿಡಿಯುವುದರಿಂದ ಡಾಕ್ಟರ್ ಹೇಳಿದ ತಪ್ಪಿಸಿಕೊಳ್ಳುವ ದಾರಿಗೆ ಇದು ನೇರ ಉತ್ತರ. ಇದರ ಮೂಲ ಸ್ಯಾಂಗ್ಲಿಫೆರಿನ್ ಎಂಬ ನೈಸರ್ಗಿಕ ವಸ್ತು.

ಗಿಡಮರ_ಶಿರಸಿ

ನೈಸರ್ಗಿಕ ಅಂದಿದ್ದಕ್ಕೆ ಬಂದೆ. ನಮ್ಮ ಘಟ್ಟದ ಕಾಡಿನಲ್ಲಿ ದುರ್ವಾಸನೆ ಮರ ಅಂತ ಇದೆ, ಹೂ ಬಿಟ್ಟಾಗ ಹತ್ತಿರ ನಿಲ್ಲಲಾಗದ ನಾತ. ಕರುಳಿನ ಕ್ಯಾನ್ಸರಿಗೆ ಕೊಡುವ ಇರಿನೊಟಿಕ್ಯಾನ್ ಅದರೊಳಗಿನ ಕ್ಯಾಂಪ್ಟೊಥೆಸಿನ್‌ನಿಂದಲೇ ಮಾಡುವುದು ಅಂತ ಕೇಳಿದ್ದೇನೆ. ಅದರ ಸಲುವಾಗಿ ಮರ ಕಡಿದು ಕಡಿದು ಕೆಲವು ಕಡೆ ಕಾಣಲೂ ಸಿಗುವುದಿಲ್ಲ. ಅಂಥದ್ದಿರುವಾಗ ಕಂಪ್ಯೂಟರಿನಲ್ಲಿ ಹೊಸತು ಬರೆಯುವ ಬದಲು ಗಿಡದಿಂದಲೇ ಹುಡುಕಬಾರದೇ? ಅರಿಸಿನದ ಕರ್ಕ್ಯುಮಿನ್ ಮೇಲೂ ಸಾಕಷ್ಟು ಪೇಪರ್ ಬಂದಿವೆಯಲ್ಲ?

ಬೆಂಚ್_ಕೆಮಿಸ್ಟ್ (ಬೆಂಗಳೂರು)

ದುರ್ವಾಸನೆ ಮರದ ಮಾತು ನಿಜ. ಬೆಂಗಳೂರಿನ ಜಿಕೆವಿಕೆ ಸಂಶೋಧಕರು ಘಟ್ಟದ ಬೇರೆ ಬೇರೆ ಕಡೆಯ ಮರಗಳಲ್ಲಿ ಕ್ಯಾಂಪ್ಟೊಥೆಸಿನ್ ಎಷ್ಟಿದೆ ಅಂತ ಅಳೆದಿದ್ದಾರೆ. ಆದರೆ ಮರದಿಂದ ಮಾತ್ರ ಔಷಧ ಬಂದುಬಿಡಲಿಲ್ಲ, ಆ ಕಥೆ ಕೇಳಿ.

1966ರಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ ಅದನ್ನು ಚೀನಾ ಮೂಲದ ಮರವೊಂದರಿಂದ ಬೇರ್ಪಡಿಸಿದರು. ನೀರಿನಲ್ಲಿ ಕರಗುವುದಿಲ್ಲ ಅಂತ ಸೋಡಿಯಂ ಲವಣ ಮಾಡಿ ರೋಗಿಗಳಿಗೆ ಕೊಟ್ಟರು. ಹಾಗೆ ಮಾಡಿದಾಗ ಅಣುವಿನ ಲ್ಯಾಕ್ಟೋನ್ ಉಂಗುರ ಬಿಚ್ಚಿಕೊಂಡಿತು. ಕೆಲಸ ಮಾಡುವ ಭಾಗವೇ ಅದು! ಗುಣ ಹೋಯಿತು, ಮೂತ್ರಕೋಶದಲ್ಲಿ ರಕ್ತಸ್ರಾವ ಉಳಿಯಿತು, ಪರೀಕ್ಷೆ ನಿಂತಿತು. ಅದು ಡಿಎನ್‌ಎಯ ತಿರುಚು ಬಿಡಿಸುವ ಟೊಪೊಐಸೊಮರೇಸ್-1 ಕಿಣ್ವದ ಮೇಲೆ ಕೆಲಸ ಮಾಡುತ್ತದೆ ಅಂತ ಗೊತ್ತಾಗಿದ್ದು 1985ರಲ್ಲಿ. ಆಮೇಲೆ ಜಪಾನಿನ ಯಾಕುಲ್ಟ್‌ನವರು ಉಂಗುರ ಮುಟ್ಟದೆ, ಇನ್ನೊಂದು ತುದಿಗೆ ನೀರಿನಲ್ಲಿ ಕರಗಿಸುವ ಬೈಪಿಪೆರಿಡಿನ್ ಗುಂಪು ಸೇರಿಸಿದರು. ಇರಿನೊಟಿಕ್ಯಾನ್ ಅದೇ. ದೇಹದೊಳಗೆ ಆ ಗುಂಪು ಕಳಚಿ ಎಸ್‌ಎನ್-38 ಎಂಬ ಸಕ್ರಿಯ ರೂಪವಾಗುತ್ತದೆ, ಲಿವರ್ ಅದಕ್ಕೆ ಗ್ಲುಕುರಾನಿಕ್ ಆಮ್ಲ ಕಟ್ಟಿ ಪಿತ್ತದ ಜೊತೆ ಕರುಳಿಗೆ ಬಿಡುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಆ ಕಟ್ಟು ಬಿಚ್ಚುತ್ತವೆ. ರೋಗಿಗಳನ್ನು ಹಣ್ಣು ಮಾಡುವ ಭೇದಿಗೆ ಮುಖ್ಯ ಕಾರಣ ಅದು. ಮರ ಅಸ್ಥಿಪಂಜರ ಕೊಟ್ಟಿತು, ಔಷಧ ಮಾಡಿದ್ದು ರಸಾಯನಶಾಸ್ತ್ರ.

ಕರ್ಕ್ಯುಮಿನ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಅದು ಹಲವು ಅಸ್ಸೆಗಳಲ್ಲಿ ತಾನೇ ಬೆಳಗಿ, ತಾನೇ ಒಡೆದು, ಸಿಕ್ಕಿದ ಪ್ರೋಟೀನಿಗೆಲ್ಲ ಅಂಟಿ ಸುಳ್ಳು ಫಲಿತಾಂಶ ಕೊಡುತ್ತದೆ. ರಕ್ತಕ್ಕೆ ಸೇರುವುದಂತೂ ಅತ್ಯಲ್ಪ. ಅದರ ಮೇಲೆ ಇನ್ನೊಂದು ಪ್ರಾಜೆಕ್ಟ್ ಬೇಡ.

ನಿವೃತ್ತ_ಮೇಷ್ಟ್ರು (ಮೈಸೂರು)

ಎಲ್ಲರೂ ಸರಿಯಾಗಿಯೇ ಹೇಳುತ್ತಿದ್ದೀರಿ, ಆದರೆ ಆ ಹುಡುಗಿಯ ಕಾಲೇಜನ್ನೂ ಸ್ವಲ್ಪ ಯೋಚಿಸಿ. ಪ್ರೋಟೀನ್ ಮಾಸ್ ಸ್ಪೆಕ್ ಇಲ್ಲ, ಪ್ರಾಣಿ ಪರೀಕ್ಷೆಗೆ ಹಣ ಇಲ್ಲ, ಉಳಿದಿರುವುದು ಕೆಲವೇ ತಿಂಗಳು. ಡಾಕಿಂಗ್ ಮತ್ತು ಎಂಟಿಟಿ ಬಿಟ್ಟರೆ ಬೇರೇನು ಮಾಡಲಿ ಅಂತ ನಮ್ಮ ವಿದ್ಯಾರ್ಥಿಗಳೂ ಕೇಳುತ್ತಿದ್ದರು. ಮಾಡಬೇಡ ಅನ್ನುವುದು ಸುಲಭ, ಏನು ಮಾಡಬಹುದು ಅಂತ ಹೇಳಿ.

ಬೆಂಚ್_ಕೆಮಿಸ್ಟ್ (ಬೆಂಗಳೂರು)

ಮೇಷ್ಟ್ರ ಮಾತು ಒಪ್ಪಿದೆ. ಹಾಗಾದರೆ ಇದು ನನ್ನ ಸಲಹೆ.

ದೊಡ್ಡ ಸೀರೀಸ್ ಬಿಡಿ. ನಾಲ್ಕೈದು ಕಂಪೌಂಡ್ ಸಾಕು, ಆದರೆ ಪ್ರತಿಯೊಂದನ್ನೂ ಜೋಡಿಯಾಗಿ ಮಾಡಿ. 4-ಕ್ಲೋರೊಕ್ವಿನಾಜೊಲಿನ್‌ಗೆ ಬಾಕ್-ಪಿಪೆರಜಿನ್ ಸೇರಿಸಿ, ಬಾಕ್ ಎಂಬ ರಕ್ಷಕ ಗುಂಪು ತೆಗೆದು, ಸಿಕ್ಕ ಅಮೀನನ್ನು ಎರಡು ಪಾಲು ಮಾಡಿ. ಒಂದು ಪಾಲಿಗೆ ಅಕ್ರಿಲೋಯಿಲ್ ಕ್ಲೋರೈಡ್, ಇನ್ನೊಂದಕ್ಕೆ ಪ್ರೊಪಿಯೊನೈಲ್ ಕ್ಲೋರೈಡ್. ಎರಡಕ್ಕೂ ಇರುವ ವ್ಯತ್ಯಾಸ ಎರಡು ಹೈಡ್ರೋಜನ್ ಮಾತ್ರ. ಆಕಾರ ಒಂದೇ, ಆದರೆ ಎರಡನೆಯದು ಸಿಸ್ಟೀನಿಗೆ ಬಂಧ ಹಾಕಲಾರದು. ನಿಮ್ಮ ಅಸಿಟೈಲ್‌ಗಿಂತ ಇದು ಒಳ್ಳೆಯ ಹೋಲಿಕೆ. ಅಕ್ರಿಲೋಯಿಲ್ ಕ್ಲೋರೈಡ್ ಕಣ್ಣಿಗೆ ಕೆಟ್ಟದ್ದು, ಫ್ಯೂಮ್ ಹುಡ್‌ನಲ್ಲೇ, ಐಸ್ ಮೇಲೆ ಇಟ್ಟು ಹನಿ ಹನಿಯಾಗಿ ಹಾಕಿ.

ಆಮೇಲೆ ಗ್ಲುಟಾಥಿಯೋನ್ ಪರೀಕ್ಷೆ; ಗ್ಲುಟಾಥಿಯೋನ್‌ನಲ್ಲೂ ಸಿಸ್ಟೀನ್ ಇದೆ, ಅಕ್ರಿಲಮೈಡ್ ಅದಕ್ಕೂ ಅಂಟುತ್ತದೆ. ಫಾಸ್ಫೇಟ್ ಬಫರ್, ಪಿಎಚ್ 7.4, 37 ಡಿಗ್ರಿ, 5 ಮಿಲಿಮೋಲಾರ್ ಗ್ಲುಟಾಥಿಯೋನ್. ಜೀವಕೋಶದೊಳಗೆ ಅದು ಹೆಚ್ಚುಕಡಿಮೆ ಆ ಮಟ್ಟದಲ್ಲೇ ಇರುತ್ತದೆ. ಗಂಟೆಗೊಮ್ಮೆ ಸ್ವಲ್ಪ ತೆಗೆದು ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ನಿಮ್ಮ ಕಂಪೌಂಡಿನ ಪೀಕ್ ಎಷ್ಟು ಕುಗ್ಗಿದೆ ನೋಡಿ. ಬೇಗ ಖಾಲಿಯಾಗುವ ಅಕ್ರಿಲಮೈಡ್ ದೇಹದಲ್ಲಿ ಟಾರ್ಗೆಟ್ ತಲುಪುವ ಮೊದಲೇ ಮುಗಿದುಹೋಗುತ್ತದೆ. ಅಡಾಗ್ರಾಸಿಬ್ ಮಾಡಿದವರು ಅಕ್ರಿಲಮೈಡ್ ಮೇಲೆ ಒಂದು ಫ್ಲೋರಿನ್ ಇಟ್ಟಿದ್ದು ಇದನ್ನು ತಡೆಯಲಿಕ್ಕೇ. ಎಚ್‌ಪಿಎಲ್‌ಸಿ ನಿಮ್ಮ ಕಾಲೇಜಿನಲ್ಲಿ ಇದ್ದೇ ಇರುತ್ತದೆ.

ಎಸ್‌ಡಬ್ಲ್ಯೂ837 ಸಿಕ್ಕರೆ ಅದರ ಮೇಲೆ ಜೋಡಿಯ ಎರಡನ್ನೂ ಹಾಕಿ, ಪಕ್ಕದಲ್ಲಿ ಎಚ್‌ಟಿ29 ಇಡಿ. ಅಕ್ರಿಲಮೈಡ್ ಮಾತ್ರ, ಎಸ್‌ಡಬ್ಲ್ಯೂ837ರಲ್ಲಿ ಮಾತ್ರ ಕೊಂದರೆ ನಿಮ್ಮ ಬಳಿ ಒಂದು ನಿಜವಾದ ಸುಳಿವಿದೆ. ಎಲ್ಲವೂ ಎಲ್ಲ ಕಡೆ ಕೊಂದರೆ ಅದು ಬರೀ ವಿಷ, ಹಾಗೆಂದೇ ಬರೆಯಿರಿ. ಸಾಧ್ಯವಾದರೆ ಉಂಡೆಯಾಗಿ ಬೆಳೆಸಿದ ಜೀವಕೋಶದ ಮೇಲೂ ನೋಡಿ, ಎಆರ್‌ಎಸ್-1620 ಚಪ್ಪಟೆ ತಟ್ಟೆಗಿಂತ ಉಂಡೆಯಲ್ಲೇ ಹೆಚ್ಚು ಗುಣ ತೋರಿಸಿತ್ತು.

ಕ್ಯಾಲ್ಕ್ಯುಲೇಶನ್_ಕೇಶವ (ಬಾಸ್ಟನ್ ಹತ್ತಿರ)

ಒಂದು ಸೇರಿಸುತ್ತೇನೆ. ಎಚ್‌ಸಿಟಿ116, ಎಚ್‌ಟಿ29 ಜೋಡಿ ಜಿ12ಸಿಗೆ ಹೊಂದುವುದಿಲ್ಲ ನಿಜ, ಆದರೆ ಇನ್ನೊಂದು ಪ್ರಶ್ನೆಗೆ ಹೇಳಿಮಾಡಿಸಿದ ಜೋಡಿ. ಎಚ್‌ಸಿಟಿ116ರಲ್ಲಿ ಡಿಎನ್‌ಎ ತಪ್ಪು ತಿದ್ದುವ ಎಂಎಲ್‌ಎಚ್1 ಪ್ರೋಟೀನ್ ಇಲ್ಲ, ಅದು ಎಂಎಸ್‌ಐ ಹೈ, ಎಚ್‌ಟಿ29 ಅಲ್ಲ. 2019ರಲ್ಲಿ ಗೊತ್ತಾಗಿದ್ದೇನೆಂದರೆ ಎಂಎಸ್‌ಐ ಹೈ ಜೀವಕೋಶಗಳಿಗೆ ಬದುಕಲು ವರ್ನರ್ ಹೆಲಿಕೇಸ್ ಎಂಬ ಡಿಎನ್‌ಎ ಬಿಚ್ಚುವ ಕಿಣ್ವ ಬೇಕೇ ಬೇಕು, ಉಳಿದವಕ್ಕೆ ಬೇಡ. ಅದನ್ನು ತಡೆಯುವ ನೊವಾರ್ಟಿಸ್‌ನ ಎಚ್‌ಆರ್‌ಒ761 ಈಗ ಮನುಷ್ಯರ ಪರೀಕ್ಷೆಗೆ ಹೋಗಿದೆ. ನಿಮ್ಮ ಜೂನಿಯರ್ ಯಾರಾದರೂ ಹೊಸ ವಿಷಯ ಹುಡುಕುತ್ತಿದ್ದರೆ ಇದನ್ನು ಹೇಳಿ.

ಮಲೆನಾಡ_ಮಗಳು

ಇವತ್ತು ಡಾಕ್ಟರ್ ಹತ್ತಿರ ಹೋಗಿದ್ದೆವು. ಎಂಎಂಆರ್ ಪರೀಕ್ಷೆ ಆಗಿರಲಿಲ್ಲವಂತೆ, ಹಳೆಯ ಬಯಾಪ್ಸಿಯ ಬ್ಲಾಕ್‌ನಿಂದಲೇ ಮಾಡಬಹುದು ಅಂತ ಕಳಿಸಿದ್ದಾರೆ. ಕೇಪ್‌ಸೈಟಬಿನ್ ಸದ್ಯಕ್ಕೆ ನಿಲ್ಲಿಸಿ ಕಾಲು ವಾಸಿಯಾದ ಮೇಲೆ ಕಡಿಮೆ ಡೋಸ್‌ನಲ್ಲಿ ಶುರು ಮಾಡೋಣ ಅಂದರು.

ಕಡಲತಡಿ_ಡಾಕ್ಟರ್ (ಮಂಗಳೂರು)

ಸರಿಯಾದ ಕ್ರಮ. ಬ್ಲಾಕ್ ವಾಪಸ್ ಬಂದಾಗ ಜೋಪಾನವಾಗಿ ತೆಗೆದಿಡಿ, ಮುಂದೆ ಯಾವುದಾದರೂ ಟ್ರಯಲ್‌ಗೆ ಸೇರಬೇಕಾದರೆ ಮತ್ತೆ ಕೇಳುತ್ತಾರೆ.

ಫಾರ್ಮಾ_ಹುಬ್ಬಳ್ಳಿ

ಎಲ್ಲಾರ ಉತ್ತರ ಪ್ರಿಂಟ್ ತಗದು ನಮ್ಮ ಗೈಡ್ ಮೇಡಂಗ ತೋರಿಸ್ದೆ. ಜೋಡಿ ಕಂಪೌಂಡಿನ ಪ್ಲಾನ್ ಒಪ್ಯಾರ. ಡಾಕಿಂಗ್ ಚಾಪ್ಟರ್ ಕೋವೇಲೆಂಟ್ ಪದ್ಧತಿಲೇ ಮತ್ತ ಮಾಡ್ತೇನಿ. ಒಂದು ಸಣ್ಣ ಸಂಶಯ ಉಳೀತ್ರಿ ಸರ್: ಗ್ಲುಟಾಥಿಯೋನ್ ಇಲ್ಲದ ಬಫರಿನಾಗೂ ಪೀಕ್ ಕುಗ್ಗಿದ್ರ ಏನಂತ ತಿಳ್ಕೊಬೇಕು?

ಬೆಂಚ್_ಕೆಮಿಸ್ಟ್ (ಬೆಂಗಳೂರು)

ಕಂಪೌಂಡ್ ಕರಗದೆ ತಳಕ್ಕೆ ಇಳಿಯುತ್ತಿದೆ, ಅಥವಾ ನೀರಿನಲ್ಲೇ ಒಡೆಯುತ್ತಿದೆ. ಹೊಸ ಪೀಕ್ ಬಂದರೆ ಒಡೆಯುತ್ತಿದೆ, ಬರದಿದ್ದರೆ ಕರಗುತ್ತಿಲ್ಲ. ಅದಕ್ಕೇ ಗ್ಲುಟಾಥಿಯೋನ್ ಇಲ್ಲದ ಬಾಟಲಿ ಒಂದು, ಪ್ರೊಪಿಯೊನೈಲ್ ಜೋಡಿಯ ಬಾಟಲಿ ಒಂದು, ಎರಡನ್ನೂ ಪ್ರತಿ ಸಲ ಜೊತೆಗೇ ನಡೆಸಿ. ಜೊತೆಗೆ ಪ್ರತಿ ಸ್ಯಾಂಪಲ್‌ಗೂ ಇಂಟರ್ನಲ್ ಸ್ಟ್ಯಾಂಡರ್ಡ್ ಹಾಕಿ. ಮೊದಲ ಕ್ರೊಮ್ಯಾಟೊಗ್ರಾಮ್ ಬಂದಾಗ ಇಲ್ಲಿ ಹಾಕಿ, ನೋಡೋಣ.